ಮೂರನೇ ಸ್ಕ್ರೂ: ದವಡೆ ಮೂಳೆಯಲ್ಲಿ ಹಿಡಿತ ಎಲ್ಲಿಂದ ಬರುತ್ತದೆ?

"ಡಾಕ್ಟ್ರ, ಬ್ರಷ್ ತಾಗಿದ್ರ ಸಾಕು, ಅದು ಅಳ್ಳಾಡತೈತ್ರಿ."

ನಾಲ್ಕನೇ ವಾರದ ತಪಾಸಣೆಗೆ ಬಂದವರು ಕುರ್ಚಿಗೆ ಒರಗುವ ಮೊದಲೇ ಹೇಳಿದ ಮಾತಿದು. ಬಾಯಿ ತೆರೆಸಿ ನೋಡಿದೆ. ಕೆಳದವಡೆಯ ಎಡಭಾಗದಲ್ಲಿ, ಎರಡು ಮುಂದವಡೆ ಹಲ್ಲುಗಳ (ಪ್ರಿಮೋಲಾರ್) ನಡುವೆ, ಹಲ್ಲು ಎಳೆದು ಸರಿಸಲು ಆಧಾರವಾಗಿ ನಾನೇ ಕೂರಿಸಿದ್ದ ಪುಟ್ಟ ಮಿನಿಸ್ಕ್ರೂವಿನ ಸುತ್ತ ವಸಡು ಕೆಂಪಾಗಿ ಉಬ್ಬಿತ್ತು. ಚಿಮಟದಿಂದ ಅದರ ತಲೆ ಹಿಡಿದೆ, ಅತ್ತಿತ್ತ ಆಡಿತು. ಸ್ಪ್ರಿಂಗ್ ಬಿಚ್ಚಿ, ಡ್ರೈವರ್ ಇಟ್ಟು ಎಡಕ್ಕೆ ತಿರುಗಿಸಿದರೆ ಬೆರಳಿಗೆ ಯಾವ ತಡೆಯೂ ಸಿಗಲಿಲ್ಲ. ಮೂಳೆಯೊಳಗೆ ಭದ್ರವಾಗಿ ನಿಂತಿರಬೇಕಾದ ಲೋಹದ ತುಂಡು ಬೆಣ್ಣೆಯಿಂದ ಕಿತ್ತ ಕಡ್ಡಿಯಂತೆ ಹೊರಬಂತು.

ಇದೇ ರೋಗಿಯಲ್ಲಿ ಎರಡನೇ ಸ್ಕ್ರೂ ಕೂಡ ಸಡಿಲಾಯಿತು, ಅದೂ ಪೂರ್ತಿ ವಿರುದ್ಧ ಕಾರಣಕ್ಕೆ. ಮೂರನೆಯದು ಹದಿನೇಳು ತಿಂಗಳು ನಿಂತಿತು. ಮೂರರ ಉದ್ದವೂ ಒಂದೇ, 8 ಮಿ.ಮೀ. ಲೋಹವೂ ಒಂದೇ: ಸುಮಾರು 6% ಅಲ್ಯೂಮಿನಿಯಂ, 4% ವೆನೇಡಿಯಂ ಸೇರಿದ ಟೈಟಾನಿಯಂ ಮಿಶ್ರಲೋಹ. ಬೇರೆಯಾಗಿದ್ದದ್ದು ಆಕಾರ ಮತ್ತು ಆ ಆಕಾರವನ್ನು ಮೂಳೆಗೆ ಇಳಿಸಿದ ರೀತಿ.

ಸ್ಕ್ರೂ ಏಕೆ ಬೇಕಾಯಿತು

ರೋಗಿಗೆ 26 ವರ್ಷ, ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಾಲ್ಕು ವರ್ಷಗಳ ಹಿಂದೆ ಹುಳುಕಿನಿಂದಾಗಿ ಕೆಳಗಿನ ಎಡ ಮೊದಲ ಹಿಂದವಡೆ ಹಲ್ಲನ್ನು (ಮೋಲಾರ್) ಕೀಳಿಸಿಕೊಂಡಿದ್ದರು. ಅದರ ಹಿಂದಿನ ಹಲ್ಲು ಮುಂದಕ್ಕೆ ವಾಲಿತ್ತು, ನಡುವೆ 7 ಮಿ.ಮೀ. ಸಂದು ಉಳಿದಿತ್ತು. ಇಂಪ್ಲಾಂಟ್ ಹಾಕಬಹುದಿತ್ತು, ಬ್ರಿಜ್ ಕಟ್ಟಬಹುದಿತ್ತು. ಆದರೆ ಕೊನೆಯಲ್ಲಿ ಬುದ್ಧಿಹಲ್ಲು ಆರೋಗ್ಯವಾಗಿ, ನೆಟ್ಟಗೆ ನಿಂತಿತ್ತು. ಎರಡನೇ ಹಿಂದವಡೆಯನ್ನು ಮುಂದಕ್ಕೆ ಎಳೆದರೆ ಸಂದು ಮುಚ್ಚುತ್ತದೆ, ಅದರ ಜಾಗಕ್ಕೆ ಬುದ್ಧಿಹಲ್ಲು ಬರುತ್ತದೆ, ಕೃತಕ ಹಲ್ಲೇ ಬೇಕಾಗುವುದಿಲ್ಲ. ಸ್ವಂತ ಹಲ್ಲಿನಿಂದಲೇ ಕೆಲಸ ಆಗುವುದಿದ್ದರೆ ನಾನು ಯಾವತ್ತೂ ಆ ದಾರಿಯನ್ನೇ ಮೊದಲು ಹೇಳುತ್ತೇನೆ.

ಕಷ್ಟವಿರುವುದು ಎಳೆಯುವುದರಲ್ಲಿ. ದೋಣಿಯಲ್ಲಿ ಕೂತು ಇನ್ನೊಂದು ದೋಣಿಯನ್ನು ಹಗ್ಗ ಹಾಕಿ ಎಳೆದರೆ ನಮ್ಮ ದೋಣಿಯೂ ಅತ್ತ ಸರಿಯುತ್ತದೆ. ಎರಡು ದೊಡ್ಡ ಬೇರುಗಳ ಹಿಂದವಡೆಯನ್ನು ಮುಂದಿನ ಸಣ್ಣ ಹಲ್ಲುಗಳ ಆಧಾರದಲ್ಲಿ ಎಳೆದರೆ ಹಿಂದಿನದು ಮುಂದೆ ಬರುವುದಕ್ಕಿಂತ ಮುಂದಿನವು ಹಿಂದೆ ಹೋಗುವುದೇ ಹೆಚ್ಚು. ಈ ರೋಗಿಯ ಬಾಚಿಹಲ್ಲುಗಳು ಮೊದಲೇ ನೆಟ್ಟಗಿದ್ದವು. ಇನ್ನೂ ಹಿಂದೆ ಸರಿದಿದ್ದರೆ ಕೆಳದುಟಿ ಒಳಸೇರಿ ಮುಖಲಕ್ಷಣವೇ ಬದಲಾಗುತ್ತಿತ್ತು. ಹಾಗಾಗಿ ಲಂಗರನ್ನು ಹಲ್ಲಿಗಲ್ಲ, ಮೂಳೆಗೇ ಹಾಕಬೇಕಾಯಿತು.

ಮೂಳೆಗೆ ಲಂಗರು ಹಾಕುವ ಯೋಚನೆ ಹಳೆಯದು. 1945ರಲ್ಲಿ ಗೇನ್ಸ್‌ಫರ್ತ್ ಮತ್ತು ಹಿಗ್ಲೆ ನಾಯಿಗಳ ದವಡೆಗೆ ವೈಟಾಲಿಯಂ ಎಂಬ ಮಿಶ್ರಲೋಹದ ಸ್ಕ್ರೂ ಹಾಕಿ ಎಳೆದು ನೋಡಿದ್ದರು. 16ರಿಂದ 31 ದಿನಗಳೊಳಗೆ ಎಲ್ಲವೂ ಸಡಿಲಾದವು. 1983ರಲ್ಲಿ ಕ್ರೀಕ್‌ಮೋರ್ ಮತ್ತು ಎಕ್ಲಂಡ್ ಒಬ್ಬ ರೋಗಿಯ ಮೂಗಿನ ಬುಡದ ಮೂಳೆಗೆ ಒಂದೇ ಒಂದು ಸ್ಕ್ರೂ ಹಾಕಿ, ಹತ್ತು ದಿನ ಕಾದು, ಹಗುರವಾದ ಎಲಾಸ್ಟಿಕ್ ದಾರ ಕಟ್ಟಿ, ಮೇಲಿನ ಬಾಚಿಹಲ್ಲುಗಳನ್ನು ಸುಮಾರು 6 ಮಿ.ಮೀ. ಮೇಲಕ್ಕೆ ಸರಿಸಿ ತೋರಿಸಿದರು. 1997ರಲ್ಲಿ ಜಪಾನಿನ ಕನೋಮಿ 1.2 ಮಿ.ಮೀ. ದಪ್ಪ, 6 ಮಿ.ಮೀ. ಉದ್ದದ ಸ್ಕ್ರೂ ಬಗ್ಗೆ ಬರೆದ ಮೇಲೆ ಬೇರುಗಳ ನಡುವೆ ತೂರುವಷ್ಟು ಸಣ್ಣ ಸ್ಕ್ರೂ ನಮ್ಮ ದಿನನಿತ್ಯದ ಸಾಮಾನಾಯಿತು.

ಮೊದಲನೆಯದು: ತೆಳ್ಳಗಿನ ಸ್ಕ್ರೂ

ಸ್ಕ್ಯಾನ್‌ನಲ್ಲಿ ಆ ಜಾಗದ ಬೇರುಗಳ ನಡುವಿನ ಅಂತರ 3.5 ಮಿ.ಮೀ., ಮೂಳೆಯ ಗಟ್ಟಿ ಹೊರಪದರ 1.9 ಮಿ.ಮೀ. ಇತ್ತು. ಸ್ಕ್ರೂವಿನ ಎರಡೂ ಬದಿ ಕನಿಷ್ಠ 1 ಮಿ.ಮೀ. ಮೂಳೆ ಉಳಿಯಬೇಕೆಂಬುದು ರೂಢಿ. ಬೇರಿಗೆ ತಾಗಬಾರದು ಎಂಬ ಹೆದರಿಕೆಯಲ್ಲಿ 1.3 ಮಿ.ಮೀ. ದಪ್ಪದ್ದನ್ನು ಆರಿಸಿದೆ. ತುದಿಯಿಂದ ತಲೆಯ ಕೆಳಗಿನ ಕುತ್ತಿಗೆಯವರೆಗೂ ಒಂದೇ ದಪ್ಪ, ನಡುದಿಂಡು 1.0 ಮಿ.ಮೀ., ಅದರ ಸುತ್ತ ಸುರುಳಿಯಾಗಿ ಏರುವ ಥ್ರೆಡ್ ಎರಡೂ ಬದಿ ಒಂದೇ ಸಮ ಇಳಿಜಾರು. ತಾನೇ ಕೊರೆದುಕೊಂಡು ಹೋಗುವ ಬಗೆಯದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೈ ಡ್ರೈವರಿನಿಂದ ತಿರುಗಿಸಿದೆ. ಸಲೀಸಾಗಿ ಇಳಿಯಿತು. ಅವತ್ತು ಅದು ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತ್ತು. ಅದೇ ದಿನ 200 ಗ್ರಾಂ ಬಲದ ಸ್ಪ್ರಿಂಗ್ ಕಟ್ಟಿದೆ.

ಸಡಿಲಾದ ಸ್ಕ್ರೂವನ್ನು ತೊಳೆದು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದೆ. ಥ್ರೆಡ್‌ಗಳ ನಡುವಿನ ತಗ್ಗು ಎಷ್ಟು ಕಿರಿದು ಎಂಬುದು ಆಗಲೇ ಕಣ್ಣಿಗೆ ಬಿದ್ದದ್ದು. ಹೊರ ದಪ್ಪ 1.3, ದಿಂಡು 1.0 ಎಂದರೆ ಪ್ರತಿ ಬದಿ ಥ್ರೆಡ್‌ನ ಆಳ ಬರೀ 0.15 ಮಿ.ಮೀ. ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ದೂರ, 0.6 ಮಿ.ಮೀ. ಹೊರಪದರ 1.9 ಮಿ.ಮೀ. ದಪ್ಪವಿದ್ದರೆ ಗಟ್ಟಿ ಮೂಳೆಯಲ್ಲಿ ಸಿಕ್ಕಿದ್ದು ಮೂರು ಸುತ್ತು ಮಾತ್ರ. ಉಳಿದ ಸುತ್ತುಗಳೆಲ್ಲ ಒಳಗಿನ ಸ್ಪಂಜಿನಂಥ ಮೂಳೆಯಲ್ಲಿ, ಅಲ್ಲಿ ಹಿಡಿತ ಅಷ್ಟಕ್ಕಷ್ಟೆ. ಈ ಸ್ಕ್ರೂಗಳ ಬಗ್ಗೆ ಮಾತಾಡುವಾಗ ನಾವು ಉದ್ದವನ್ನೇ ಮೊದಲು ಹೇಳುತ್ತೇವೆ: ಆರರದು, ಎಂಟರದು, ಹತ್ತರದು. ಹಿಡಿಯುವುದು ಮೇಲಿನ ಎರಡು ಮಿಲಿಮೀಟರು.

ಜಪಾನಿನ ಮಿಯವಾಕಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. 1.0 ಮಿ.ಮೀ. ದಪ್ಪದ ಸ್ಕ್ರೂಗಳಲ್ಲಿ ಒಂದೂ ಉಳಿಯಲಿಲ್ಲ. 1.5 ಮಿ.ಮೀ.ದಲ್ಲಿ 83.9%, 2.3 ಮಿ.ಮೀ.ದಲ್ಲಿ 85% ಉಳಿದವು. ಉದ್ದಕ್ಕೂ ಯಶಸ್ಸಿಗೂ ಸಂಬಂಧ ಕಾಣಲಿಲ್ಲ. ಒಂದರಿಂದ ಒಂದೂವರೆಗೆ ಹೋದಾಗ ಅಷ್ಟು ದೊಡ್ಡ ಜಿಗಿತ, ಅಲ್ಲಿಂದ ಎರಡೂ ಕಾಲರ ಮೇಲಕ್ಕೆ ಹೋದರೂ ಲಾಭ ಒಂದೇ ಒಂದು ಶೇಕಡಾ. ಈ ಎರಡನೇ ಮಾತನ್ನು ನಾನು ಆಗಲೇ ಗಮನಿಸಿದ್ದರೆ ಮುಂದಿನ ತಪ್ಪು ಆಗುತ್ತಿರಲಿಲ್ಲ.

ಥ್ರೆಡ್‌ನ ಲೆಕ್ಕ

ಥ್ರೆಡ್ ಆಕಾರ ಹಿಡಿತವನ್ನು ಎಷ್ಟು ಬದಲಿಸುತ್ತದೆ ಎಂದು ಅಂದಾಜು ಮಾಡಲು ಮೂಳೆ ಶಸ್ತ್ರಚಿಕಿತ್ಸೆಯವರು ಬಳಸುವ ಸೂತ್ರವೊಂದಿದೆ. ಚಾಪ್‌ಮನ್ ಮತ್ತು ಸಂಗಡಿಗರು 1996ರಲ್ಲಿ ಅದನ್ನು ಪ್ರಯೋಗಕ್ಕೆ ಹಚ್ಚಿ ನೋಡಿದ್ದರು. ಸ್ಕ್ರೂವನ್ನು ನೇರವಾಗಿ ಮೇಲಕ್ಕೆ ಕಿತ್ತರೆ ಥ್ರೆಡ್‌ಗಳ ನಡುವೆ ಸಿಕ್ಕ ಮೂಳೆ ಕತ್ತರಿಸಿಹೋಗಬೇಕು. ಅದಕ್ಕೆ ಬೇಕಾದ ಬಲ ಮೂರು ಸಂಗತಿಗಳ ಗುಣಲಬ್ಧ: ಮೂಳೆಯ ಗಟ್ಟಿತನ, ಥ್ರೆಡ್ ಕೂತಿರುವ ಸಿಲಿಂಡರಿನ ಮೇಲ್ಮೈ ಮತ್ತು ಥ್ರೆಡ್ ಆಕಾರದ ಅಂಶ. ಆಕಾರದ ಅಂಶವೆಂದರೆ 0.5ಕ್ಕೆ, ಥ್ರೆಡ್ ಆಳವನ್ನು ಪಿಚ್‌ನಿಂದ ಭಾಗಿಸಿ 0.577ರಿಂದ ಗುಣಿಸಿದ್ದನ್ನು ಕೂಡಿಸುವುದು.

ಮೊದಲ ಸ್ಕ್ರೂವಿಗೆ ಅದು 0.64. ನಂತರ ನಾನು ಬಳಸಿದ ಮೂರನೇ ಸ್ಕ್ರೂವಿನ ಹೊರ ದಪ್ಪ 1.6, ದಿಂಡು 1.1, ಆಳ 0.25, ಪಿಚ್ 0.7, ಅದಕ್ಕೆ 0.71. ದಪ್ಪವನ್ನೂ ಸೇರಿಸಿ ಗುಣಿಸಿದರೆ ಅದೇ ಮೂಳೆಯಲ್ಲಿ, ಅದೇ ಆಳದಲ್ಲಿ ಮೂರನೆಯದರ ಹಿಡಿತ ಸುಮಾರು 35% ಹೆಚ್ಚು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸಗಳಿಂದ ಬಂದ ಲಾಭ ಅದು.

ಹಾಗಾದರೆ ಥ್ರೆಡ್ ಇನ್ನೂ ಆಳವಾಗಿಸಿದರೇನು? ದಿಂಡು ತೆಳ್ಳಗಾಗುತ್ತದೆ. ತಿರುಚನ್ನು ತಾಳುವ ಶಕ್ತಿ ದಿಂಡಿನ ದಪ್ಪದ ಘನಕ್ಕೆ ಅನುಗುಣ, ಬಾಗದೆ ನಿಲ್ಲುವ ಬಿಗುವು ನಾಲ್ಕನೇ ಘಾತಕ್ಕೆ. 1.1ರಿಂದ 1.0ಕ್ಕೆ ಇಳಿದರೆ ತಿರುಚು ಶಕ್ತಿಯಲ್ಲಿ ಕಾಲು ಭಾಗ ಹೋಯಿತು. ಕೆಳದವಡೆಯ ಗಟ್ಟಿ ಮೂಳೆಯಲ್ಲಿ ತೆಳ್ಳಗಿನ ದಿಂಡು ಕುತ್ತಿಗೆಯಲ್ಲಿ ಮುರಿದು ತುಂಡು ಒಳಗೇ ಉಳಿದರೆ ಅದನ್ನು ತೆಗೆಯುವ ಯಾತನೆ ರೋಗಿಗೂ ಬೇಡ, ವೈದ್ಯರಿಗೂ ಬೇಡ. ಪಿಚ್ ಕಿರಿದಾಗಿಸಿದರೆ ಗಟ್ಟಿ ಪದರದಲ್ಲಿ ಹೆಚ್ಚು ಸುತ್ತು ಸಿಗುತ್ತವೆ ನಿಜ, ಆದರೆ ಎರಡು ಥ್ರೆಡ್‌ಗಳ ನಡುವೆ ಉಳಿಯುವ ಮೂಳೆಯ ಗೋಡೆ ತೆಳುವಾಗುತ್ತದೆ. ಒಂದನ್ನು ಎಳೆದರೆ ಇನ್ನೊಂದು ಸರಿಯುತ್ತದೆ.

ಈ ಸೂತ್ರಕ್ಕೆ ಒಂದು ಮಿತಿಯಿದೆ, ಅದನ್ನು ಮರೆತರೆ ದಾರಿ ತಪ್ಪುತ್ತೇವೆ. ಬಾಯಿಯಲ್ಲಿ ಯಾರೂ ಸ್ಕ್ರೂವನ್ನು ನೇರ ಮೇಲಕ್ಕೆ ಕೀಳುವುದಿಲ್ಲ. ಸ್ಪ್ರಿಂಗ್ ಅದನ್ನು ಅಡ್ಡಕ್ಕೆ ಎಳೆಯುತ್ತದೆ. ನೆಲದಲ್ಲಿ ಹೂತ ಗೂಟಕ್ಕೆ ಎತ್ತು ಕಟ್ಟಿದಂತೆ. ಎತ್ತು ಗೂಟವನ್ನು ಮೇಲಕ್ಕೆ ಎತ್ತುವುದಿಲ್ಲ, ವಾಲಿಸುತ್ತದೆ; ವಾಲಿಸಿದಾಗ ನೆಲದ ಮೇಲಿನ ಪದರವೇ ಮೊದಲು ಬಿರಿಯುವುದು. ಹಗ್ಗವನ್ನು ಗೂಟದ ಬುಡಕ್ಕೆ ಕಟ್ಟಿದ್ದೇವೋ ತುದಿಗೋ ಎಂಬುದು ಆಗ ಮುಖ್ಯವಾಗುತ್ತದೆ. 200 ಗ್ರಾಂ ಎಂದರೆ ಸುಮಾರು 2 ನ್ಯೂಟನ್. ಮೂಳೆಯಿಂದ 3 ಮಿ.ಮೀ. ಮೇಲೆ ಎಳೆದರೆ ವಾಲಿಸುವ ಬಲ 6 ನ್ಯೂಟನ್ ಮಿಲಿಮೀಟರ್, 2 ಮಿ.ಮೀ. ಮೇಲಾದರೆ 4. ವಸಡಿನ ದಪ್ಪಕ್ಕೆ ಸರಿಹೊಂದುವ ಗಿಡ್ಡ ಕುತ್ತಿಗೆ ಆರಿಸಿದರೆ ಏನೂ ಖರ್ಚಿಲ್ಲದೆ ಮೂರನೇ ಒಂದು ಭಾಗ ಭಾರ ಇಳಿಯುತ್ತದೆ. ಮೊದಲ ಸ್ಕ್ರೂವಿನ ಕುತ್ತಿಗೆ ಅಲ್ಲಿನ ತೆಳು ವಸಡಿಗೆ ಉದ್ದವಾಗಿತ್ತು, ತಲೆ ಹೊರಗೆ ಚಾಚಿಕೊಂಡಿತ್ತು. ಥ್ರೆಡ್ ಬಗ್ಗೆ ಎಷ್ಟು ಓದಿದರೂ ಈ ಸರಳ ಸಂಗತಿಯನ್ನು ನಾನು ನೋಡಿರಲಿಲ್ಲ.

ಎರಡನೆಯದು: ಬಿಗಿತ ಹೆಚ್ಚಾದ ಸ್ಕ್ರೂ

ಎರಡು ತಿಂಗಳು ಕಾದು ಅದೇ ಜಾಗಕ್ಕೆ 1.8 ಮಿ.ಮೀ. ಸ್ಕ್ರೂ ಹಾಕಿದೆ. ಈ ಬಾರಿ ಆಕಾರ ಮೊಳೆಯಂತೆ, ತುದಿ ಸಣ್ಣ, ಕುತ್ತಿಗೆಯತ್ತ ಬಂದಂತೆ ದಪ್ಪ. ಇಂಥ ಸ್ಕ್ರೂ ಒಳಗೆ ಇಳಿದಷ್ಟೂ ಮೂಳೆಯನ್ನು ಒತ್ತಿ ಬಿಗಿಯಾಗುತ್ತದೆ. ಮೇಲ್ದವಡೆಯ ಮೆದು ಮೂಳೆಯಲ್ಲಿ ಅದು ವರ. ನನ್ನ ರೋಗಿಯದ್ದು ಕೆಳದವಡೆ, ಹೊರಪದರ ಗಟ್ಟಿ.

ತೂತು ಕೊರೆಯದೆ ನೇರವಾಗಿ ತಿರುಗಿಸಿದೆ. ಅರ್ಧ ಇಳಿದ ಮೇಲೆ ಕೈಗೆ ಭಾರ ಗೊತ್ತಾಗತೊಡಗಿತು. ಕೊನೆಯ ಎರಡು ಸುತ್ತಿಗೆ ಮಣಿಕಟ್ಟು ನೋಯುವಷ್ಟು ಒತ್ತಬೇಕಾಯಿತು. "ಇದು ಎಲ್ಲೂ ಹೋಗಂಗಿಲ್ಲ ಬಿಡ್ರಿ" ಎಂದು ಧೈರ್ಯದಿಂದ ಹೇಳಿದೆ. ಕಲ್ಲಿನಂತೆ ನಿಂತಿತ್ತು. ಎರಡನೇ ವಾರವೂ ಹಾಗೆಯೇ. ಐದನೇ ವಾರ ಬಂದಾಗ ಅಲ್ಲಾಡುತ್ತಿತ್ತು. ಉರಿಯೂತ ಇರಲಿಲ್ಲ, ವಸಡು ಸ್ವಚ್ಛವಾಗಿತ್ತು; ಪಾಪ, ಅವರು ಈ ಬಾರಿ ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್‌ನಿಂದ ದಿನಕ್ಕೆ ಎರಡು ಸಲ ಬಾಯಿ ಮುಕ್ಕಳಿಸುತ್ತಿದ್ದರು. ಎಕ್ಸ್‌ರೇಯಲ್ಲಿ ಬೇರಿಗೆ ತಾಗಿದ ಗುರುತೂ ಇರಲಿಲ್ಲ. ತೆಗೆದಾಗ ಥ್ರೆಡ್‌ಗಳ ನಡುವೆ ಮೂಳೆಯ ಕಣಗಳ ಬದಲು ಬಿಳಚಿಕೊಂಡ ಮೆತ್ತನೆ ಪೊರೆ ಅಂಟಿತ್ತು.

ಏನಾಗಿರಬಹುದೆಂದು ಹೇಳಲು ಮೂಳೆ ಜೀವಂತ ವಸ್ತು ಎಂಬುದನ್ನು ನೆನಪಿಡಬೇಕು. ಸ್ಕ್ರೂ ಹಾಕಿದ ದಿನದ ಬಿಗಿತ ಬರೀ ಯಾಂತ್ರಿಕ. ಲೋಹ ಮೂಳೆಯಲ್ಲಿ ಸಿಕ್ಕಿಕೊಂಡದ್ದು. ಗಾಯವಾದ ಆ ಮೂಳೆಯನ್ನು ದೇಹ ಕರಗಿಸಿ ಹೊಸತನ್ನು ಕಟ್ಟುತ್ತದೆ. ಹಳೆಯ ಹಿಡಿತ ಕರಗಿ ಹೊಸ ಹಿಡಿತ ಇನ್ನೂ ಕೂಡದ ವಾರಗಳಲ್ಲಿ, ಹೆಚ್ಚಾಗಿ ಮೊದಲ ತಿಂಗಳಲ್ಲಿ, ಸ್ಕ್ರೂ ಅತಿ ದುರ್ಬಲ. ಹಾಕುವಾಗಲೇ ಮೂಳೆಯನ್ನು ಅತಿಯಾಗಿ ಒತ್ತಿದ್ದರೆ ಸೂಕ್ಷ್ಮ ಬಿರುಕುಗಳಾಗುತ್ತವೆ, ರಕ್ತ ಸಂಚಾರ ನಿಲ್ಲುತ್ತದೆ, ಸುತ್ತಲಿನ ಮೂಳೆ ಸಾಯುತ್ತದೆ. ಆಗ ಕರಗಬೇಕಾದ ಭಾಗವೂ ದೊಡ್ಡದು. ಮೊದಲ ದಿನದ ಕಲ್ಲಿನಂಥ ಬಿಗಿತವೇ ಐದನೇ ವಾರದ ಸಡಿಲಿಗೆ ಕಾರಣವಾಗುತ್ತದೆ.

ಮೋಟೊಯೋಶಿ ಮತ್ತು ಸಂಗಡಿಗರು 2006ರಲ್ಲಿ 41 ರೋಗಿಗಳ 124 ಸ್ಕ್ರೂಗಳನ್ನು ನೋಡಿ, 1.6 ಮಿ.ಮೀ. ಸ್ಕ್ರೂವಿಗೆ ಹಾಕುವಾಗಿನ ಟಾರ್ಕ್, ಅಂದರೆ ತಿರುಗಿಸುವ ಬಲ, 5ರಿಂದ 10 ನ್ಯೂಟನ್ ಸೆಂಟಿಮೀಟರ್ ಒಳಗಿರಬೇಕೆಂದು ಸಲಹೆ ಕೊಟ್ಟರು. ಅದಕ್ಕಿಂತ ಕಡಿಮೆಯಾದರೂ ಸೋಲು, ಹೆಚ್ಚಾದರೂ ಸೋಲು. ಪಾಪಜಾರ್ಜಿಯು ಮತ್ತು ಸಂಗಡಿಗರು 2012ರಲ್ಲಿ ಹಲವು ಅಧ್ಯಯನಗಳ 4,987 ಸ್ಕ್ರೂಗಳ ಲೆಕ್ಕ ಒಟ್ಟುಗೂಡಿಸಿದಾಗ ಸೋಲು 13.5% ಎಂದು ಬಂತು. ರೋಗಿಯ ವಯಸ್ಸಿಗೂ ಲಿಂಗಕ್ಕೂ ಸಂಬಂಧವಿರಲಿಲ್ಲ. ಯಾವ ದವಡೆ ಎಂಬುದಕ್ಕೆ ಇತ್ತು. ಗಟ್ಟಿ ಮೂಳೆಯ ಕೆಳದವಡೆಯಲ್ಲೇ ಸೋಲು ಹೆಚ್ಚು. ಗಟ್ಟಿ ಮೂಳೆ ಹೆಚ್ಚು ಹಿಡಿಯಬೇಕಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮತ್ತಿ ಮರಕ್ಕೆ ತೂತು ಹಾಕದೆ ಸ್ಕ್ರೂ ತಿರುಗಿಸಿ ನೋಡಿದ ಯಾವ ಬಡಗಿಯೂ ಹಾಗೆ ಕೇಳಲಾರ.

1.8 ಮಿ.ಮೀ. ಆರಿಸಿದ್ದು ಇನ್ನೊಂದು ಬಗೆಯಲ್ಲೂ ತಪ್ಪು. 3.5 ಮಿ.ಮೀ. ಸಂದಿನಲ್ಲಿ ಪ್ರತಿ ಬದಿ ಉಳಿದದ್ದು 0.85 ಮಿ.ಮೀ. ಬೇರಿಗೆ ತಾಗದಿದ್ದರೂ ಅಷ್ಟು ಹತ್ತಿರವಿದ್ದರೆ ಜಗಿಯುವಾಗ ಹಲ್ಲಿನ ಪ್ರತಿ ಅಲುಗಾಟವೂ ತೆಳು ಮೂಳೆಯ ಮೂಲಕ ಸ್ಕ್ರೂವಿಗೆ ತಲುಪುತ್ತದೆ.

ಮೂರನೆಯದು

ಈ ಬಾರಿ ರೋಗಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಎರಡೂ ಸಲ ತಪ್ಪು ನನ್ನ ಆಯ್ಕೆಯದು, ನಿಮ್ಮ ಮೂಳೆಯದಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದ್ಸಲ ನೋಡೋಣ್ರಿ, ಆದ್ರ ಇದ ಕಡೀದು" ಎಂದರು.

ಹತ್ತು ವಾರ ಬಿಟ್ಟು, ಜಾಗವನ್ನು 2 ಮಿ.ಮೀ. ಕೆಳಕ್ಕೆ ಇಳಿಸಿದೆ. ಬೇರುಗಳು ಕೆಳಗೆ ಸಣ್ಣಗಾಗುವುದರಿಂದ ಅಲ್ಲಿ ಅಂತರ 3.9 ಮಿ.ಮೀ. ಸಿಕ್ಕಿತು. ಇನ್ನೂ ಕೆಳಗೆ ಹೋಗುವಂತಿರಲಿಲ್ಲ. ಕೆಳದುಟಿಗೆ ಸ್ಪರ್ಶ ಕೊಡುವ ನರ ಹೊರಬರುವ ರಂಧ್ರ ಮುಂದವಡೆ ಹಲ್ಲುಗಳ ಬೇರಿನ ತುದಿಯ ಸುತ್ತಮುತ್ತಲೇ ಇರುತ್ತದೆ. ಸ್ಕ್ಯಾನ್‌ನಲ್ಲಿ ಅದರ ಜಾಗ ಗುರುತಿಸಿಕೊಂಡೇ ಕೈಹಾಕಿದೆ.

ಸ್ಕ್ರೂ 1.6 ಮಿ.ಮೀ., ದೇಹ ಬಹುತೇಕ ಒಂದೇ ದಪ್ಪ, ಕುತ್ತಿಗೆಯ ಬಳಿ ಮಾತ್ರ ತುಸು ಅಗಲ. ಥ್ರೆಡ್‌ನ ತಲೆಯತ್ತಣ ಬದಿ ಚಪ್ಪಟೆ, ತುದಿಯತ್ತಣ ಬದಿ ಇಳಿಜಾರು. ಒಳಹೋಗಲು ಸುಲಭ, ಹಿಂದೆ ಬರಲು ಕಷ್ಟ. ವಸಡಿನಾಚೆಗಿನ ಕುತ್ತಿಗೆ ಗಿಡ್ಡ.

ಮೊದಲು 1.1 ಮಿ.ಮೀ. ಬರ್‌ನಿಂದ (ಕೊರೆಯುವ ಮೊನೆ) ಗಟ್ಟಿ ಪದರವನ್ನಷ್ಟೇ ಕೊರೆದೆ, ನಿಧಾನ ವೇಗದಲ್ಲಿ, ತಣ್ಣನೆ ಸಲೈನ್ ಸುರಿಸುತ್ತ. ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಇದ್ದರೆ ಸಾಕು, ಹಾನಿಯಾಗುತ್ತದೆ ಎಂದು ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲಗಳಲ್ಲಿ ತೋರಿಸಿದ್ದಾರೆ. ಇಲ್ಲಿ ಅವಸರ ಸಲ್ಲದು. ತೂತಿನ ಅಗಲ ದಿಂಡಿನ ಅಗಲಕ್ಕೆ ಸಮನಾಗಿರಬೇಕು. ಆಗ ದಿಂಡು ಮೂಳೆಯನ್ನು ಒತ್ತುವುದಿಲ್ಲ, ಥ್ರೆಡ್ ಮಾತ್ರ ಕೊರೆದು ಕೂರುತ್ತದೆ. ಈ ಸಲ ಅಳತೆ ತೋರಿಸುವ ಟಾರ್ಕ್ ಡ್ರೈವರ್ ಬಳಸಿದೆ. ಮುಳ್ಳು ಏರುತ್ತ ಏರುತ್ತ ಕೊನೆಯ ಸುತ್ತಿಗೆ 8 ದಾಟಿ 9ರ ಸಮೀಪ ನಿಂತಿತು. ಒಂದು ಕಾಲು ಸುತ್ತು ಇನ್ನೂ ತಿರುಗಿಸಬೇಕೆಂದು ಕೈ ಬಯಸಿತ್ತು, ನಿಲ್ಲಿಸಿದೆ.

ಮೊದಲ ಮೂರು ವಾರ 50 ಗ್ರಾಂ ಮಾತ್ರ, ಆಮೇಲೆ 150. ಹಲ್ಲು ಬರೀ ವಾಲಿ ಬರದೆ ಬೇರುಸಹಿತ ಸರಿಯಲೆಂದು ಸ್ಪ್ರಿಂಗನ್ನು ಹಿಂದವಡೆಯಿಂದ ಕೆಳಗಿಳಿದ ಕೊಕ್ಕೆಗೆ ಸಿಕ್ಕಿಸಿದೆ.

ಐದನೇ ವಾರ ಅವರಿಗಿಂತ ನನಗೇ ಹೆಚ್ಚು ಆತಂಕವಿತ್ತು. ಚಿಮಟದಿಂದ ಹಿಡಿದೆ. ಅಲುಗಲಿಲ್ಲ. ಹಿಡಿಕೆಯಿಂದ ತಲೆಯನ್ನು ಮೆಲ್ಲಗೆ ತಟ್ಟಿದೆ, ಗಟ್ಟಿ ಸದ್ದು ಬಂತು. ಎಂಟನೇ ವಾರ, ಹನ್ನೆರಡನೇ ವಾರ, ಅದೇ ಸದ್ದು. ಸ್ಕ್ರೂ ಕೂಡ ಅಚಲವಲ್ಲ. ಲಿಯೋ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಭಾರ ಬಿದ್ದ ಕೆಲವು ಸ್ಕ್ರೂಗಳು ಸಡಿಲಾಗದೆಯೂ ಒಂದು ಮಿಲಿಮೀಟರಿನಷ್ಟು ಸರಿಯುತ್ತವೆ. ಇಲ್ಲಿ ತೆಗೆದ ಎಕ್ಸ್‌ರೇಗಳಲ್ಲಿ ಅಂಥದ್ದು ಕಾಣಲಿಲ್ಲ.

ಇಲ್ಲಿ ನಾನು ಒಮ್ಮೆಲೇ ಹಲವನ್ನು ಬದಲಿಸಿದೆ: ದಪ್ಪ, ಥ್ರೆಡ್, ಕುತ್ತಿಗೆ, ತೂತು, ಜಾಗ, ಬಲ. ಯಾವುದಕ್ಕೆ ಎಷ್ಟು ಪಾಲು ಎಂದು ಒಬ್ಬ ರೋಗಿಯಿಂದ ಪಾಲು ಹಂಚಲಾಗದು. ನನ್ನ ಅಭಿಪ್ರಾಯ ಕೇಳಿದರೆ, ದಿಂಡಿಗೆ ತಕ್ಕ ತೂತು ಮತ್ತು ಗಿಡ್ಡ ಕುತ್ತಿಗೆಗೆ ಹೆಚ್ಚು ಅಂಕ ಕೊಡುತ್ತೇನೆ, ಚಪ್ಪಟೆ ಬದಿಯ ಥ್ರೆಡ್‌ಗೆ ಕಡಿಮೆ. ಅಡ್ಡ ಎಳೆತದಲ್ಲಿ ಥ್ರೆಡ್‌ನ ಆ ಚಪ್ಪಟೆ ಬದಿಗೆ ಕೆಲಸ ಕಡಿಮೆ. ಇಂದು ನನ್ನ ಚಿಕಿತ್ಸಾಲಯದ ಕೇಸ್ ಶೀಟ್‌ನಲ್ಲಿ ಸ್ಕ್ರೂವಿನ ಉದ್ದದ ಮುಂದೆ ಹೊರ ದಪ್ಪ, ದಿಂಡು, ಪಿಚ್, ಕುತ್ತಿಗೆ, ಕೊನೆಯ ಟಾರ್ಕ್ ಎಂಬ ಐದು ಅಂಕಣಗಳಿವೆ. ತಯಾರಕರು ಡಬ್ಬಿಯ ಮೇಲೆ ದಿಂಡಿನ ಅಳತೆ ಮುದ್ರಿಸದಿದ್ದರೆ ಕೇಳಿ ಪಡೆಯುತ್ತೇನೆ, ಕೊಡದಿದ್ದರೆ ಆ ಸ್ಕ್ರೂ ಕೊಳ್ಳುವುದಿಲ್ಲ.

ಕೆಳದವಡೆಯ ಹಿಂದವಡೆ ಹಲ್ಲು ತಿಂಗಳಿಗೆ ಅರ್ಧ ಮಿಲಿಮೀಟರ್ ಸರಿದರೂ ಹೆಚ್ಚೇ. ಹದಿನೇಳನೇ ತಿಂಗಳು ಸಂದು ಮುಚ್ಚಿತು, ಬುದ್ಧಿಹಲ್ಲೂ ಹಿಂದೆಯೇ ಬಂದಿತ್ತು. ಸ್ಕ್ರೂ ತೆಗೆಯಲು ಇಂಜೆಕ್ಷನ್ ಬೇಕಾಗಲಿಲ್ಲ, ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿದರೆ ಸಾಕಾಯಿತು. ಎಡಕ್ಕೆ ತಿರುಗಿಸಿದಾಗ ಮೊದಲು ತಡೆಯಿತು, ಸಣ್ಣಗೆ ಕಟ್ ಎಂದಿತು, ಆಮೇಲೆ ಸುತ್ತು ಸುತ್ತಾಗಿ ಹೊರಬಂತು. ಥ್ರೆಡ್ ಮೇಲೆ ಎರಡು ಕಡೆ ಮೂಳೆಯ ಬಿಳಿ ಚೂರು ಅಂಟಿತ್ತು.

"ಮೂರೂ ಕೊಡ್ರಿ ಡಾಕ್ಟ್ರ, ಸಾಲಿ ಹುಡುಗರಿಗೆ ತೋರಸ್ತೀನಿ" ಎಂದರು. ಆಟೊಕ್ಲೇವ್‌ನ ಬಿಸಿ ಹಬೆಯಲ್ಲಿ ಶುದ್ಧ ಮಾಡಿ, ಮೂರು ಬೇರೆ ಬೇರೆ ಕವರಿನಲ್ಲಿ ಹಾಕಿ, ಒಂದೊಂದರ ಮೇಲೂ ದಪ್ಪ, ದಿಂಡು, ಪಿಚ್ ಬರೆದು ಕೊಟ್ಟೆ.